ಐದು ಪಿಯಾನೋ, ಒಂದೇ ಪುಟ

ಅಂಗಡಿಯವರೆಲ್ಲ ಅವಳನ್ನು ತುಣುಕಮ್ಮ ಎಂದು ಕರೆಯುತ್ತಿದ್ದರು. ಎದುರಿಗೇ ಹಾಗೆ ಕರೆಯುವ ಎದೆಗಾರಿಕೆ ಇದ್ದದ್ದು ಪಿಯಾನೋಗಳ ಶ್ರುತಿ ಕೂಡಿಸುವ ಟ್ಯೂನರ್‌ಗೆ ಮಾತ್ರ. ಮಿಕ್ಕವರು ಬೆನ್ನ ಹಿಂದೆ ಕರೆದು ಬಾಯಿಚಪಲ ತೀರಿಸಿಕೊಳ್ಳುತ್ತಿದ್ದರು. ಹೆಸರು ಅಂಟಿದ್ದು ಅವಳ ಕೆಲಸದಿಂದ. ಪಿಯಾನೋ ಕೊಳ್ಳಲು ಬಂದವರಿಗೆ ಒಂದೊಂದು ಪಿಯಾನೋದಲ್ಲೂ ಒಂದು ತುಣುಕು ನುಡಿಸಿ ತೋರಿಸುವುದು ಅವಳ ಉದ್ಯೋಗ. ಬಟ್ಟೆ ಅಂಗಡಿಯವನು ಥಾನಿನಿಂದ ಮೊಳದಷ್ಟು ಎಳೆದು ತೋರಿಸಿ ಮತ್ತೆ ಸುತ್ತಿಡುತ್ತಾನಲ್ಲ, ಹಾಗೆ.

ಮಾಲೀಕರು ಇದನ್ನೊಂದು ಶಾಸ್ತ್ರವನ್ನಾಗಿಯೇ ಮಾಡಿಬಿಟ್ಟಿದ್ದರು.

“ಮುಗಿಸ್ಬೇಡಿ ಮೇಡಂ. ಹಾಡು ಮುಗಿದ್ರೆ ಗಿರಾಕೀನೂ ಮುಗಿದ. ಹೊಟ್ಟೆ ತುಂಬಿದೋನು ಅಡುಗೆಮನೆ ಕಡೆ ತಿರುಗಿ ನೋಡ್ತಾನಾ? ಇನ್ನೇನು ತುತ್ತು ಬಾಯಿಗೆ ಬಂತು ಅನ್ನೋವಾಗ ತಟ್ಟೆ ಎಳ್ಕೋಬೇಕು.”

ಆ ತಟ್ಟೆ ಎಳೆಯುವ ಕೆಲಸವನ್ನು ಅವಳು ಹನ್ನೊಂದು ವರ್ಷದಿಂದ ಮಾಡುತ್ತ ಬಂದಿದ್ದಳು. ನುಡಿಸುತ್ತಿದ್ದದ್ದು ಒಂದೇ ಕೃತಿ, ಅದರಲ್ಲೂ ಮೊದಲ ಪುಟ ಮಾತ್ರ. ಬೇರೆ ಬೇರೆ ಹಾಡು ನುಡಿಸಿದರೆ ಗಿರಾಕಿ ಹಾಡುಗಳನ್ನು ಹೋಲಿಸುತ್ತ ಕೂರುತ್ತಾನೆ, ಪಿಯಾನೋಗಳನ್ನಲ್ಲ. ಆ ಪುಟದಲ್ಲಿ ಬೇಕಾದದ್ದೆಲ್ಲ ಇತ್ತು: ಕೆಳಗಿನ ಗಂಭೀರ ಸ್ವರಗಳು, ನಡುವೆ ಪಿಸುಮಾತಿನಂಥ ಒಂದು ಸಾಲು, ಕೊನೆಯಲ್ಲಿ ಒಂದೇ ಸ್ವರವನ್ನು ಪಟಪಟನೆ ಬಡಿಯುವ ಜಾಗ. ಅಲ್ಲಿಗೆ ಬಂದ ಕೂಡಲೇ ಕೈ ಎತ್ತಬೇಕು, ಏಳಬೇಕು, ಒಂದು ನಗೆ ನಗಬೇಕು, “ಈಗ ಇದನ್ನೇ ಇದರಲ್ಲಿ ಕೇಳಿ” ಎನ್ನುತ್ತ ಪಕ್ಕದ ಪಿಯಾನೋದತ್ತ ನಡೆಯಬೇಕು. ಎರಡನೇ ಪುಟಕ್ಕೆ ಆ ಅಂಗಡಿಯಲ್ಲಿ ಜಾಗವಿರಲಿಲ್ಲ.

ಅಂಗಡಿಗೆ ಪಿಯಾನೋಗಳು ಬರುತ್ತಿದ್ದವು, ಹೋಗುತ್ತಿದ್ದವು. ಹೋಲಿಸಿ ನೋಡುವುದಕ್ಕೆಂದು ಐದು ಮಾತ್ರ ಕಾಯಮ್ಮಾಗಿ ನಿಂತಿದ್ದವು. ಅವಕ್ಕೂ ಟ್ಯೂನರ್ ಇಟ್ಟ ಹೆಸರುಗಳೇ. ಬಾಗಿಲ ಹತ್ತಿರದ್ದು ಗಿಡ್ಡಿ. ಗೋಡೆಗೆ ಬೆನ್ನು ಕೊಟ್ಟು ನಿಲ್ಲುವ ಪೈಕಿ. ಒಳಗೆ ತಂತಿಗಳೂ ನಿಂತೇ ಇರುತ್ತವೆ. ತಂತಿ ಗಿಡ್ಡವಾದ್ದರಿಂದ ಕೆಳಗಿನ ಸ್ವರಗಳು ಗಡಿಗೆಯೊಳಗೆ ಮುಖ ಇಟ್ಟು ಮಾತಾಡಿದ ಹಾಗೆ ಕೇಳುತ್ತವೆ. ಮನೆ ಚಿಕ್ಕದು, ಆಸೆ ದೊಡ್ಡದು ಅನ್ನುವವರು ಅದನ್ನು ಒಯ್ಯುತ್ತಾರೆ. ಅದರ ಪಕ್ಕ ದೊಡ್ಡಮ್ಮ. ಅದೂ ನಿಲ್ಲುವ ಪೈಕಿಯೇ, ಆದರೆ ಎದೆಯೆತ್ತರ. ತಂತಿ ಉದ್ದ, ದನಿ ತುಂಬು. ಎಂಥ ಒರಟು ಬೆರಳು ಬಿದ್ದರೂ ಮಾನ ಕಳೆಯದೆ ಸಂಭಾಳಿಸಿಕೊಂಡು ಹೋಗುವ ಗುಣ ಅದಕ್ಕಿತ್ತು.

ಆಮೇಲೆ ಮರಿಯಾನೆ, ಅಂದರೆ ಚಿಕ್ಕ ಗ್ರ್ಯಾಂಡ್. ಮೂರು ಕಾಲಿನ ಮೇಲೆ ಅಡ್ಡಕ್ಕೆ ಮಲಗಿ, ಮುಚ್ಚಳ ಎತ್ತಿಕೊಂಡು, ನೋಡುವುದಕ್ಕೆ ಬಲು ಚೆಂದ. ನಿಜ ಹೇಳಬೇಕೆಂದರೆ ಕೆಳಗಿನ ಸ್ವರಗಳಲ್ಲಿ ಅದು ದೊಡ್ಡಮ್ಮನ ಸಮಕ್ಕೂ ಬರುವುದಿಲ್ಲ. ಮರಿಯಾನೆ ಕೊಂಡವರಲ್ಲಿ ಅರ್ಧ ಜನ ಅದರ ಮೇಲೆ ಮಕ್ಕಳ ಫೋಟೋ ಜೋಡಿಸುವುದಕ್ಕೆಂದೇ ಕೊಂಡವರು. ಆದರೆ ಒಂದು ವಿಷಯದಲ್ಲಿ ಅದರದ್ದೇ ಮೇಲುಗೈ. ತಂತಿ ಬಡಿಯುವ ಅದರ ಸುತ್ತಿಗೆಗಳು ಕೆಳಗಿನಿಂದ ಮೇಲಕ್ಕೆ ಹೊಡೆದು ತಮ್ಮ ಭಾರಕ್ಕೆ ತಾವೇ ಬೀಳುತ್ತವೆ, ಹಾಗಾಗಿ ಮನೆ ಅರ್ಧ ಎದ್ದಿರುವಾಗಲೇ ಬೆರಳು ಮತ್ತೆ ಒತ್ತಬಹುದು. ಮನೆ ಎಂದರೆ ಬೆರಳಿಡುವ ಕಪ್ಪು ಬಿಳಿ ಪಟ್ಟಿ. ನಿಲ್ಲುವ ಪಿಯಾನೋಗಳಲ್ಲಿ ಸುತ್ತಿಗೆ ಅಡ್ಡಕ್ಕೆ ಹೊಡೆದು ಸ್ಪ್ರಿಂಗಿನ ದಯೆಯಿಂದ ಹಿಂದಕ್ಕೆ ಬರಬೇಕು; ಬೆರಳು ಅವಸರ ಮಾಡಿದರೆ ಸ್ವರ ಕೈಕೊಡುತ್ತದೆ. ಒಳಕೋಣೆಯಲ್ಲಿ ಒಂದೇ ದೀಪದ ಕೆಳಗಿದ್ದದ್ದು ಆನೆ, ಸಭಾಂಗಣದ ದೊಡ್ಡ ಗ್ರ್ಯಾಂಡ್. ಅದನ್ನು ಕೇಳಿದವರು ಬಹಳ, ಕೊಂಡವರು ಇಲ್ಲವೆನ್ನುವಷ್ಟು ಕಡಿಮೆ. ಐದನೆಯದು ಕರೆಂಟಿನ ಪಿಯಾನೋ, ಪ್ಲಗ್ಗಮ್ಮ. ಶ್ರುತಿ ಕೆಡುವುದಿಲ್ಲ, ಜಾಗ ಕೇಳುವುದಿಲ್ಲ, ಹೆಡ್‌ಫೋನ್ ಹಾಕಿದರೆ ಪಕ್ಕದಲ್ಲಿ ಕೂತವರಿಗೂ ಕೇಳುವುದಿಲ್ಲ. ಟ್ಯೂನರ್‌ಗೆ ಅದನ್ನು ಕಂಡರಾಗದು. ಅದು ಬಂದಾಗಿನಿಂದ ಅವನ ಹೊಟ್ಟೆಯ ಮೇಲೆ ಹೊಡೆದ ಹಾಗಾಗಿತ್ತು.

ತುಣುಕಮ್ಮನ ಮನೆಯಲ್ಲಿದ್ದದ್ದೂ ಒಂದು ಪ್ಲಗ್ಗಮ್ಮನೇ. ಗಂಡ ಆಸ್ಪತ್ರೆಯೊಂದರಲ್ಲಿ ಲಿಫ್ಟ್ ಆಪರೇಟರ್. ಪಾಳಿ ಮುಗಿಸಿ ಬಂದು ಯಾವ ಹೊತ್ತಿನಲ್ಲಿ ಮಲಗುತ್ತಾನೋ ಅವನಿಗೇ ಗೊತ್ತಿಲ್ಲ, ಹಾಗಾಗಿ ಹೆಡ್‌ಫೋನ್ ಕಡ್ಡಾಯ. ಅತ್ತೆಗೆ ಕೇಳುತ್ತಿದ್ದದ್ದು ಮನೆಗಳು ಬಡಿಯುವ ಟಕಟಕ ಸದ್ದು ಮಾತ್ರ.

“ನನ್ನ ಸೊಸೆ ಪಿಯಾನೋ ನುಡಿಸ್ತಾಳೆ ಅಂತ ಊರೆಲ್ಲ ಹೇಳುತ್ತೆ,” ಎಂದು ಆಕೆ ಪಕ್ಕದ ಮನೆಯವಳ ಹತ್ತಿರ ಆಡಿಕೊಳ್ಳುತ್ತಿದ್ದಳು. “ನನಗೆ ಕೇಳೋದು ತರಕಾರಿ ಹೆಚ್ಚೋ ಸದ್ದು. ಅದಾದ್ರೂ ಪೂರ್ತಿ ಹೆಚ್ಚಿ ಒಲೆ ಮೇಲೆ ಇಡ್ತಾಳಾ? ಅರ್ಧಕ್ಕೇ ಎದ್ದೋಗ್ತಾಳೆ.”

ಮಾತು ಕಹಿಯಾದರೂ ಸುಳ್ಳಲ್ಲ. ತುಣುಕಿನ ಚಾಳಿ ಅಂಗಡಿ ದಾಟಿ ಮನೆಗೂ ಬಂದಿತ್ತು. ಅರ್ಧ ಕುಡಿದ ಕಾಫಿ ಕಿಟಕಿಯ ಮೇಲೆ ಆರುತ್ತಿತ್ತು. ಒಗೆದ ಬಟ್ಟೆಯಲ್ಲಿ ಅರ್ಧ ಹಗ್ಗದ ಮೇಲೆ, ಅರ್ಧ ಬಕೆಟ್ಟಿನಲ್ಲಿ. ಮಾತು ಶುರು ಮಾಡಿ ನಡುವೆ ಎದ್ದುಬಿಡುತ್ತಿದ್ದಳು. ಉಳಿದದ್ದನ್ನು ಗಂಡನೇ ಊಹಿಸಿಕೊಳ್ಳಬೇಕು. “ಕಾಲಿಗೆ ಚಕ್ರ ಕಟ್ಕೊಂಡು ಹುಟ್ಟಿದೀಯ,” ಎಂದು ಅವನು ನಗುತ್ತಿದ್ದ. ಅವಳಿಗೆ ನಗು ಬರುತ್ತಿರಲಿಲ್ಲ. ಚಿಕ್ಕವಳಿದ್ದಾಗ ಅವಳು ಒಂದು ಕೃತಿ ಹಿಡಿದರೆ ಕೊನೆ ಮುಟ್ಟದೆ ಎದ್ದವಳಲ್ಲ. ಊಟಕ್ಕೆ ಕರೆದರೂ ಕಿವಿಗೆ ಬೀಳುತ್ತಿರಲಿಲ್ಲ. ಆ ಹುಡುಗಿ ಎಲ್ಲಿ ಹೋದಳೋ. ಆರಂಭಗಳನ್ನು ಕಂಡರೇ ಅವಳಿಗೆ ಈಗ ವಾಕರಿಕೆ.

ಹೀಗಿರುವಾಗ ಒಂದು ಸೋಮವಾರ ಹಾಡಿನ ಟೀಚರ್ ಅಂಗಡಿಗೆ ಬಂದಳು. ತಲೆಗೂದಲಲ್ಲಿ ಪೆನ್ಸಿಲ್ ಸಿಕ್ಕಿಸಿಕೊಂಡ, ನೆಟ್ಟಗೆ ನೋಡುವ ಹೆಂಗಸು. ಮಕ್ಕಳ ಹಾಡಿನ ಶಾಲೆಯೊಂದನ್ನು ನಡೆಸುತ್ತಿದ್ದಳು. ಬಂದದ್ದು ಪಿಯಾನೋ ಕೊಳ್ಳುವುದಕ್ಕಲ್ಲ, ಮುರಿದ ಪೆಡಲಿನ ಬಿಡಿಭಾಗಕ್ಕೆ. ಟ್ಯೂನರ್ ಅದನ್ನು ಹುಡುಕುತ್ತಿದ್ದಷ್ಟು ಹೊತ್ತು ಆಕೆ ದೊಡ್ಡಮ್ಮನ ಪಕ್ಕ ನಿಂತು ತುಣುಕಮ್ಮ ಬೇರೊಬ್ಬ ಗಿರಾಕಿಗೆ ನುಡಿಸುವುದನ್ನು ಕೇಳಿದಳು. ಗಿರಾಕಿ ಆಚೆ ಸರಿದ ಮೇಲೆ ಹತ್ತಿರ ಬಂದಳು.

“ನಮ್ಮಲ್ಲಿ ಮಕ್ಕಳ ಹಾಡಿಗೆ ನುಡಿಸ್ತಿದ್ದೋರು ಬಿಟ್ಟುಹೋದ್ರು. ಇನ್ನೊಬ್ರು ಬೇಕು. ಶನಿವಾರ ಮಧ್ಯಾಹ್ನ ಬನ್ನಿ. ಈಗ ನುಡಿಸಿದ್ರಲ್ಲ, ಅದನ್ನೇ ಪೂರ್ತಿ ಕೇಳ್ಬೇಕು.”

“ಪೂರ್ತಿನಾ?”

“ಮತ್ತೆ? ಅರ್ಧ ಕೇಳಿ ಯಾರಿಗಾದ್ರೂ ಕೆಲಸ ಕೊಡ್ತಾರಾ?”

ತುಣುಕಮ್ಮ ಮಾಲೀಕರ ಮೇಜಿನ ಕಡೆ ಕಣ್ಣು ಹಾಯಿಸಿ ಹೂಂ ಎಂದಳು. ಮಕ್ಕಳ ಹಾಡು ಎಂದರೆ ಶುರುವಾದದ್ದು ಮುಗಿಯುವ ಹಾಡು. ದಿನಕ್ಕೆ ಹತ್ತು ಸಲ ಮುಗಿಯುವ ಹಾಡು! ಅವಳಿಗೆ ಅಷ್ಟು ಆಸೆಯಾದದ್ದು ಯಾವ ಕಾಲವಾಗಿತ್ತೋ.

ಅವತ್ತು ಸಂಜೆಯೇ ಮನೆಯಲ್ಲಿ ಹೆಡ್‌ಫೋನ್ ಹಾಕಿ ಕೂತಳು. ಕೃತಿಗೆ ನಾಲ್ಕು ಭಾಗ, ಭಾಗಕ್ಕೊಂದು ಪುಟ. ಮೊದಲ ಪುಟ ನೀರು ಹರಿದ ಹಾಗೆ ಬಂತು. ಪುಟದ ಕೊನೆ ಮುಟ್ಟಿದ್ದೇ ತಡ, ಅವಳು ಎದ್ದು ನಿಂತಿದ್ದಳು. ತಾನು ಎದ್ದದ್ದು ಅವಳಿಗೆ ಗೊತ್ತಾದದ್ದು ಹೆಡ್‌ಫೋನಿನ ವೈರು ಕತ್ತು ಜಗ್ಗಿದಾಗ. ಮತ್ತೆ ಕೂತಳು, ಮತ್ತೆ ಎದ್ದಳು. ಮಂಡಿಯನ್ನು ಪಿಯಾನೋದ ಕೆಳಗಿನ ಅಡ್ಡಪಟ್ಟಿಗೆ ಒತ್ತಿಹಿಡಿದು ಕೂತರೆ ಏಳಲಿಲ್ಲ ನಿಜ, ಆದರೆ ಬೆರಳುಗಳು ನಿಂತವು. ಎರಡನೇ ಪುಟ ಕಣ್ಣೆದುರಿಗೇ ಇತ್ತು, ಒಂದೊಂದು ಸ್ವರವೂ ಗೊತ್ತಿತ್ತು. ಕೈ ಮಾತ್ರ ಮುಷ್ಕರ ಹೂಡಿದ ಹಾಗೆ ತೊಡೆಯ ಮೇಲೆ ಬಿದ್ದುಕೊಂಡಿತು.

“ಈ ಕರೆಂಟಿನದ್ದೇ ಸರಿಯಿಲ್ಲ,” ಎಂದು ಅವಳು ಗೊಣಗಿದಳು. “ಇದರಲ್ಲಿ ಜೀವವಿಲ್ಲ.”

“ಕುಣಿಯಲಾರದೋಳು ನೆಲ ಡೊಂಕು ಅಂದ್ಲಂತೆ,” ಎಂದಳು ಅತ್ತೆ ಆಚೆ ಕೋಣೆಯಿಂದ.

ಮಾರನೇ ದಿನದಿಂದ ಅವಳು ಅಂಗಡಿಯ ಪಿಯಾನೋಗಳನ್ನು ಒಂದೊಂದಾಗಿ ಹಿಡಿದಳು. ಗಿರಾಕಿಗಳಿಲ್ಲದ ಹೊತ್ತು ನೋಡಿ ಗಿಡ್ಡಿಯ ಮುಂದೆ ಕೂತಳು, ಎದ್ದಳು. ದನಿ ಮಂಕು, ಅದಕ್ಕೇ ಮುಂದೆ ಹೋಗಲು ಮನಸ್ಸು ಬರುತ್ತಿಲ್ಲ ಎಂದುಕೊಂಡಳು. ದೊಡ್ಡಮ್ಮನ ಮುಂದೆ ಕೂತಳು, ಎದ್ದಳು. ಮನೆಗಳು ಬಿಗಿ. ಮರಿಯಾನೆ? ಸ್ಟೂಲು ಎತ್ತರ. ಮಾಲೀಕರು ಊಟಕ್ಕೆ ಹೋದಾಗ ಕಳ್ಳಬೆಕ್ಕಿನ ಹಾಗೆ ಒಳಕೋಣೆಗೆ ಹೋಗಿ ಆನೆಯ ಮುಂದೆಯೂ ಕೂತಳು. ಅದರ ಮೇಲೆ ಹೊರಿಸಲು ಯಾವ ತಪ್ಪೂ ಸಿಗಲಿಲ್ಲ. ಕೆಳಗಿನ ಸ್ವರ ಒತ್ತಿದರೆ ನೆಲದಿಂದಲೇ ದನಿ ಏಳುತ್ತಿತ್ತು, ಮೆದು ಪೆಡಲು ತುಳಿದರೆ ಮನೆಗಳ ಸಾಲಿಗೆ ಸಾಲೇ ಕೂದಲೆಳೆಯಷ್ಟು ಪಕ್ಕಕ್ಕೆ ಸರಿದು ದನಿ ತೆಳುವಾಗುತ್ತಿತ್ತು. ಪುಟ ಮುಗಿಯಿತು. ಅವಳು ಎದ್ದು, ಖಾಲಿ ಗೋಡೆಗೆ ಮುಗುಳ್ನಕ್ಕು, “ಈಗ ಇದನ್ನೇ” ಎಂದು ಬಾಯಿ ಬಿಟ್ಟಿದ್ದಳು. ಆಗ ಅವಳಿಗೆ ನಿಜವಾಗಿ ಭಯವಾಯಿತು.

ಟ್ಯೂನರ್‌ಗೆ ಹೇಳಿಕೊಂಡಳು. ಹೇಳದೆ ಇರಲಾಗಲಿಲ್ಲ. ಅವನು ಬಿಚ್ಚಿಟ್ಟ ಸುತ್ತಿಗೆಯೊಂದರ ತಲೆಗೆ ಸುತ್ತಿದ ಉಣ್ಣೆ ಕೆರೆಯುತ್ತ ಎಲ್ಲ ಕೇಳಿ, ಗಂಭೀರವಾಗಿ ತಲೆಯಾಡಿಸಿದ.

“ಸ್ಟೂಲಿಗೆ ಅಂಟು ಹಾಕ್ಕೊಳ್ಳಿ. ನನ್ನ ಹತ್ರ ಒಳ್ಳೇದಿದೆ, ಮರ ಮುರಿದ್ರೂ ಅಂಟು ಬಿಡಲ್ಲ.”

“ನನ್ನ ಪ್ರಾಣ ಹೋಗ್ತಿದೆ, ನಿಮಗೆ ತಮಾಷೆ.”

“ತಮಾಷೆ ಮಾಡ್ದೆ ಇನ್ನೇನ್ಮಾಡ್ಲಿ ತುಣುಕಮ್ಮ? ತಂತಿ ಸಡಿಲ ಆದ್ರೆ ಬಿಗಿ ಮಾಡ್ತೀನಿ. ಮನುಷ್ಯರ ರಿಪೇರಿ ನಾನು ಕಲ್ತಿಲ್ಲ.”

ಶುಕ್ರವಾರ ಮಧ್ಯಾಹ್ನ ಅಂಗಡಿ ಬಣಗುಟ್ಟುತ್ತಿತ್ತು. ಮಾಲೀಕರು ಯಾರದೋ ಮನೆಗೆ ಪಿಯಾನೋ ಇಳಿಸಲು ಹೋಗಿದ್ದರು. ಅವಳು ಗಿಡ್ಡಿಯ ಮುಂದೆ ಕೂತು ಮೊದಲ ಪುಟ ನುಡಿಸಿ, ಎಂದಿನಂತೆ ಎದ್ದಳು. ಸಿಟ್ಟಿನಿಂದ ಕಣ್ಣು ತುಂಬಿತ್ತು. ಏನಾದರಾಗಲಿ ಎಂದು ತನ್ನ ಕಾಲುಗಳ ಜೊತೆ ಜಗಳವಾಡುವುದನ್ನು ಬಿಟ್ಟುಬಿಟ್ಟಳು. ಅವು ದೊಡ್ಡಮ್ಮನತ್ತ ನಡೆದವು, ಹೋಗಲಿ. ಕೂತವು, ಕೂರಲಿ. ಕೈಗಳು ಮನೆಗಳ ಮೇಲೆ ಇಳಿದವು. ಇಳಿದು, ಎರಡನೇ ಪುಟ ನುಡಿಸತೊಡಗಿದವು.

ಅವಳು ಉಸಿರು ಬಿಗಿಹಿಡಿದಳು. ಎರಡನೇ ಭಾಗ ಕುಣಿತದ ಲಯದ್ದು, ದೊಡ್ಡಮ್ಮನ ದಪ್ಪ ದನಿಯಲ್ಲಿ ಅದು ದಪ್ಪ ಹೆಂಗಸು ಕುಣಿದಷ್ಟು ಸೊಗಸಾಗಿ ಕುಣಿಯಿತು. ಪುಟ ಮುಗಿದಾಗ ಮತ್ತೆ ಎದ್ದಳು. ಮರಿಯಾನೆಯ ಹತ್ತಿರ ಓಡಿದಳು ಎಂದರೂ ಸರಿಯೇ. ಮೂರನೇ ಭಾಗದಲ್ಲಿ ಒಂದೇ ಸ್ವರ ಸಾಲುಸಾಲಾಗಿ ಸಿಡಿಯಬೇಕು, ಮರಿಯಾನೆಯ ಸುತ್ತಿಗೆಗಳು ಅದಕ್ಕೆಂದೇ ಕಾದಿದ್ದಂತೆ ಕುಪ್ಪಳಿಸಿದವು. ಅಲ್ಲಿಂದ ಎದ್ದು ಒಳಕೋಣೆಗೆ ನುಗ್ಗಿ, ಆನೆಯ ಮೇಲೆ ನಾಲ್ಕನೇ ಭಾಗ. ಕೊನೆಯ ಸ್ವರ ಎದೆಗೇ ಬಂದು ತಾಗಿತು. ಹನ್ನೊಂದು ವರ್ಷದಲ್ಲಿ ಮೊದಲ ಸಲ ಅವಳು ಆ ಕೃತಿಯ ಕೊನೆ ಕಂಡಿದ್ದಳು.

ಬಾಗಿಲಲ್ಲಿ ಟ್ಯೂನರ್ ನಿಂತಿದ್ದ. ಪಿಯಾನೋದಿಂದ ಪಿಯಾನೋಕ್ಕೆ ಅವಳ ಹಿಂದೆಯೇ ಬಂದಿದ್ದನೆಂದು ಕಾಣುತ್ತದೆ.

“ಬಂತಲ್ಲ!” ಎಂದ. ಅವನ ಮುಖದಲ್ಲಿ ನಿಜವಾದ ಸಂತೋಷವಿತ್ತು. ಅದೇ ಉಸಿರಿನಲ್ಲಿ ಕೇಳಿದ, “ಆ ಶಾಲೇಲಿ ಎಷ್ಟು ಪಿಯಾನೋ ಇದಾವೆ?”

“ಒಂದು.”

“ಹಾಗಾದ್ರೆ ಕಷ್ಟ,” ಎಂದು ಅವನು ಸುತ್ತಿಗೆಯ ಉಣ್ಣೆ ಕೆರೆಯುವುದಕ್ಕೆ ಹೋದ.

ಶನಿವಾರ ಅವಳು ಮೈ ಹುಷಾರಿಲ್ಲವೆಂದು ಮಾಲೀಕರಿಗೆ ಹೇಳಿ ಶಾಲೆಗೆ ಹೋದಳು. ಬಸ್ಸಿನಲ್ಲಿ ಸೀಟು ಸಿಕ್ಕರೂ ಕೂರಲಾಗದೆ ನಿಂತೇ ಬಂದಳು. ಶಾಲೆ ಹಾರ್ಡ್‌ವೇರ್ ಅಂಗಡಿಯೊಂದರ ಮಹಡಿಯ ಮೇಲೆ. ಓಣಿಯಂಥ ಉದ್ದನೆಯ ಜಾಗದಲ್ಲಿ ದಪ್ಪ ಕನ್ನಡಕದ ಗಂಡಸೊಬ್ಬ ಬೆರಳುಗಳ ನೆಟಿಕೆ ಮುರಿಯುತ್ತ ಕೂತಿದ್ದ. ಅವಳಾದ ಮೇಲಿನ ಸರದಿ ಅವನದ್ದು. “ನೀವೂ ಇದಕ್ಕೇ ಬಂದ್ರಾ?” ಎಂದು ಕೇಳಿ, ಅವಳು ಹೌದೆಂದ ಮೇಲೆ ಇನ್ನಷ್ಟು ಜೋರಾಗಿ ನೆಟಿಕೆ ಮುರಿದ.

ಒಳಗೆ ಒಂದು ದೊಡ್ಡ ಕೋಣೆ, ಗೋಡೆಗೆ ಒತ್ತಿ ಪೇರಿಸಿದ ಕುರ್ಚಿಗಳು, ಒಂದು ಬೀರು, ಎರಡು ಕಿಟಕಿ. ಮೂಲೆಯಲ್ಲಿ ಪಿಯಾನೋ. ದೊಡ್ಡಮ್ಮನ ಅಕ್ಕನ ವಯಸ್ಸಿನದು. ಅಂಚಿನ ಒಂದು ಮನೆಯ ಬಿಳಿ ಹೊದಿಕೆ ಎದ್ದುಹೋಗಿ ಮರ ಕಾಣುತ್ತಿತ್ತು. ಟೀಚರ್ ಪೆನ್ಸಿಲನ್ನು ಕೂದಲಿಂದ ತೆಗೆದು ಕುರ್ಚಿ ಎಳೆದುಕೊಂಡಳು.

“ಶುರು ಮಾಡಿ.”

ಶುರು ಮಾಡುವುದಕ್ಕೇನು ಬಂತು! ಶುರು ಮಾಡುವುದರಲ್ಲಿ ಅವಳನ್ನು ಮೀರಿಸಿದವರಿಲ್ಲ. ಆ ಹಳೆಯ ಪಿಯಾನೋದಿಂದ ಅವಳು ಎಂಥ ದನಿ ಎಬ್ಬಿಸಿದಳೆಂದರೆ ಟೀಚರ್ ಕುರ್ಚಿಯಲ್ಲಿ ಮುಂದಕ್ಕೆ ಬಾಗಿದಳು. ಪಿಸುಮಾತಿನ ಸಾಲು ಬಂತು, ಪಟಪಟ ಬಡಿಯುವ ಜಾಗ ಬಂತು. ತುಣುಕಮ್ಮ ಹಲ್ಲು ಕಚ್ಚಿದಳು. ಏಳಬೇಡ, ಏಳಬೇಡ ಎಂದು ಒಳಗೊಳಗೇ ಬಡಕೊಂಡಳು. ಏಳಬೇಡ ಎನ್ನುತ್ತಲೇ ಎದ್ದಳು. ಎದ್ದು, ತಿರುಗಿ, ಟೀಚರಿಗೆ ತನ್ನ ಅತ್ಯುತ್ತಮ ನಗೆ ಬೀರಿ, “ಈಗ ಇದನ್ನೇ ಇದರಲ್ಲಿ ಕೇಳಿ” ಎಂದು ಬೀರುವಿನ ಕಡೆ ಕೈ ತೋರಿಸಿದಳು.

ಟೀಚರ್ ಬೀರುವನ್ನು ನೋಡಿದಳು. ಅವಳನ್ನು ನೋಡಿದಳು.

“ಅದರಲ್ಲಿ ಸೀಮೆಸುಣ್ಣ ಇದೆ,” ಎಂದಳು.

ಭೂಮಿ ಬಾಯಿ ಬಿಡಬಾರದೇ ಎನ್ನಿಸಿತು ತುಣುಕಮ್ಮನಿಗೆ. ಕಿವಿಯಿಂದ ಕತ್ತಿನವರೆಗೆ ಬಿಸಿ ಹರಿಯಿತು. ಕಾಲುಗಳು ಬಾಗಿಲ ಕಡೆ ಹೊರಟಿದ್ದವು. ಅವಕ್ಕೆ ಹೋಗಲು ಬೇರೆ ಪಿಯಾನೋ ಇರಲಿಲ್ಲವಲ್ಲ. ಬಾಗಿಲ ಚಿಲಕದ ಮೇಲೆ ಕೈಯಿಟ್ಟಳು. ಆಚೆಗೆ ಹೋದರೆ ಮೆಟ್ಟಿಲು, ಬಸ್ಸು, ಸೋಮವಾರ ಮತ್ತೆ ಗಿಡ್ಡಿ, ದೊಡ್ಡಮ್ಮ, ಮತ್ತೆ ಮೊದಲ ಪುಟ, ಸಾಯುವ ತನಕ ಮೊದಲ ಪುಟ. ಅವಳು ಚಿಲಕ ಬಿಟ್ಟಳು. ಕೋಣೆಯ ಗೋಡೆಗುಂಟ ಕುರ್ಚಿಗಳನ್ನು ಬಳಸಿ, ಕಿಟಕಿಗಳನ್ನು ದಾಟಿ, ಪೂರಾ ಒಂದು ಸುತ್ತು ಹಾಕಿ, ಅದೇ ಪಿಯಾನೋದ ಇನ್ನೊಂದು ಪಕ್ಕದಿಂದ ಬಂದು ಕೂತಳು. ಈಗ ತಾನೇ ಕಂಡ ಹೊಸ ಪಿಯಾನೋ ಎಂಬಂತೆ ಅದರ ಮನೆಗಳನ್ನು ನೋಡಿ, ಎರಡನೇ ಪುಟ ನುಡಿಸಿದಳು.

ಎರಡನೇ ಪುಟ ಮುಗಿದಾಗ ಮತ್ತೊಂದು ಸುತ್ತು. ಮೂರನೇ ಪುಟದ ಸಿಡಿಯುವ ಸ್ವರಗಳಿಗೆ ಆ ಮುದಿ ಸ್ಪ್ರಿಂಗುಗಳು ಸಾಲಲಿಲ್ಲ, ನಾಲ್ಕಕ್ಕೊಂದು ಸ್ವರ ಕೈಕೊಟ್ಟಿತು. ಅವಳು ವೇಗ ಇಳಿಸಿ, ಬೆರಳನ್ನು ಪೂರ್ತಿ ಎತ್ತೆತ್ತಿ ಹಾಕಿ, ಎಳೆದುಕೊಂಡು ಹೋದಳು. ಮತ್ತೆ ಎದ್ದು ಮತ್ತೊಂದು ಸುತ್ತು. ಈ ಸಲ ಅವಸರದಲ್ಲಿ ಕುರ್ಚಿಯ ಕಾಲಿಗೆ ಎಡವಿದಳು. ನಾಲ್ಕನೇ ಪುಟ ನುಡಿಸಿ ಮುಗಿಸಿದಾಗ ಮೂರು ಮೈಲಿ ಓಡಿ ಬಂದವಳ ಹಾಗೆ ಏದುಸಿರು ಬಿಡುತ್ತಿದ್ದಳು.

“ಏನಿದು?” ಎಂದಳು ಟೀಚರ್.

ಮುಚ್ಚಿಡುವುದಕ್ಕೆ ಏನೂ ಉಳಿದಿರಲಿಲ್ಲ. ಅಂಗಡಿಯ ಶಾಸ್ತ್ರ, ಐದು ಪಿಯಾನೋ, ಒಂದು ಪುಟ ಎಲ್ಲವನ್ನೂ ಹೇಳಿದಳು. ಟೀಚರ್ ನಗಲಿಲ್ಲ. ಪೆನ್ಸಿಲನ್ನು ಮಂಡಿಯ ಮೇಲೆ ಕುಟ್ಟಿದಳು.

“ನಿಮ್ಮ ಕೈ ತುಂಬಾ ಚೆನ್ನಾಗಿದೆ. ಸುಳ್ಳು ಹೇಳಲ್ಲ. ಆದ್ರೆ ನನ್ನ ಮಕ್ಕಳು ಹಾಡ್ತಾ ಇರೋವಾಗ ನೀವು ಎದ್ದು ಬೀರು ಕಡೆ ಹೋದ್ರೆ ನಾನೇನ್ಮಾಡ್ಲಿ? ನಲವತ್ತು ಮಕ್ಕಳು ಬಾಯಿ ತೆಕ್ಕೊಂಡು ನಿಂತಿರ್ತವೆ.”

“ಅಭ್ಯಾಸ ಮಾಡ್ಕೋತೀನಿ.”

“ನನಗೆ ಈ ಸೋಮವಾರದಿಂದಾನೇ ಬೇಕು, ಅಮ್ಮಾ. ಬೇಜಾರು ಮಾಡ್ಕೋಬೇಡಿ. ಆಗಲ್ಲ.” ಆಕೆ ಬಾಗಿಲ ಕಡೆ ತಿರುಗಿದಳು. “ಏಳಿ. ಆಚೆ ಅವರು ಆವಾಗ್ಲಿಂದ ಕಾಯ್ತಿದ್ದಾರೆ.”

ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ. ಯಾರನ್ನೂ ದೂರುವಂತಿರಲಿಲ್ಲ, ಟೀಚರ್ ಹೇಳಿದ್ದರಲ್ಲಿ ಅಕ್ಷರ ಅಕ್ಷರವೂ ನ್ಯಾಯ. ಕನ್ನಡಕದವನು ಆಗಲೇ ಒಳಗೆ ಬಂದು, ಕೈಯಲ್ಲಿ ಪುಸ್ತಕ ಹಿಡಿದು, ಅವಳು ಜಾಗ ಬಿಡುವುದನ್ನೇ ಕಾಯುತ್ತ ನಿಂತಿದ್ದ. ಅವಳು ಏಳಬೇಕು ಅಷ್ಟೆ. ಅದೊಂದು ಕೆಲಸವನ್ನಂತೂ ಅವಳಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ.

“ಏಳಲ್ಲ,” ಎಂದಳು.

ಹಾಗೆಂದದ್ದು ತಾನೇ ಎಂದು ಅವಳಿಗೇ ನಂಬಿಕೆಯಾಗಲಿಲ್ಲ.

“ಏನಂದ್ರಿ?”

“ಕೆಲಸ ಬೇಡ ಬಿಡಿ. ಅವರಿಗೇ ಕೊಡಿ. ಇದನ್ನೊಂದ್ಸಲ ಕೂತಲ್ಲೇ ಪೂರ್ತಿ ನುಡಿಸಿ ಕೇಳ್ಬೇಕು ನಾನು. ನನಗೋಸ್ಕರ. ಆಮೇಲೆ ಹೋಗ್ತೀನಿ.” ಅಳು ನುಂಗಿಕೊಂಡು ಕನ್ನಡಕದವನತ್ತ ತಿರುಗಿದಳು. “ನೀವು ಕೂತ್ಕೊಳ್ಳಿ ಅಣ್ಣ, ಕಾಲು ನೋಯುತ್ತೆ.”

ಅವನು ತಬ್ಬಿಬ್ಬಾಗಿ ಕುರ್ಚಿಯೊಂದನ್ನು ಎಳೆದುಕೊಂಡು ಕೂತ. ಟೀಚರ್ ಗಡಿಯಾರ ನೋಡಿದಳು, ಬೇಡವೆನ್ನಲಿಲ್ಲ.

ತುಣುಕಮ್ಮ ನುಡಿಸಿದಳು. ಮೊದಲ ಪುಟ ಈ ಸಲ ಅಷ್ಟು ಥಳಥಳಿಸಲಿಲ್ಲ. ತೋರಿಸುವುದಕ್ಕೆ ಅದರಲ್ಲಿ ಏನೂ ಇರಲಿಲ್ಲ. ಕೋಣೆಯಲ್ಲಿ ಕೊಳ್ಳುವವರು ಯಾರೂ ಇರಲಿಲ್ಲ, ಕೆಲಸ ಹೋಗಿಯಾಗಿತ್ತು, ಯಾರ ತಟ್ಟೆಯನ್ನೂ ಎಳೆದುಕೊಳ್ಳಬೇಕಾಗಿರಲಿಲ್ಲ. ಹಸಿದಿದ್ದವಳು ಅವಳೊಬ್ಬಳೇ. ಪಟಪಟ ಬಡಿಯುವ ಜಾಗ ಬಂತು. ಸೊಂಟ ಸ್ಟೂಲಿನಿಂದ ಒಂದಿಷ್ಟು ಮೇಲೆದ್ದಿತು. ಹಾಗೆ ಅರ್ಧ ನಿಂತ ಸ್ಥಿತಿಯಲ್ಲೇ ಬೆರಳುಗಳು ಪುಟ ದಾಟಿದವು. ಎರಡನೇ ಪುಟದ ಕುಣಿತ ಶುರುವಾಗಿತ್ತು. ಅವಳು ಮೆಲ್ಲಗೆ, ಮಲಗಿದ ಮಗುವಿನ ಪಕ್ಕ ಕೂರುವಷ್ಟು ಮೆಲ್ಲಗೆ, ಮತ್ತೆ ಕೂತಳು.

ಮೂರನೇ ಪುಟದಲ್ಲಿ ಸ್ವರಗಳು ಮತ್ತೆ ಕೈಕೊಟ್ಟವು. ಕೈಕೊಟ್ಟರೆ ಕೊಡಲಿ ಎಂದು ಮುಂದೆ ಹೋದಳು. ಎಲ್ಲೋ ಎಡಗೈ ತಪ್ಪಿ ಕರ್ಕಶವಾಯಿತು. ಅದನ್ನೂ ಕಟ್ಟಿಕೊಂಡು ಮುಂದೆ ಹೋದಳು. ಮೆಟ್ಟಿಲ ಮೇಲೆ ಯಾವಾಗಲೋ ಗದ್ದಲ ಶುರುವಾಗಿತ್ತು, ಚಪ್ಪಲಿಗಳ ಸದ್ದು, ಪಿಸಪಿಸ ನಗು. ಅವಳು ತಲೆಯೆತ್ತಲಿಲ್ಲ. ನಾಲ್ಕನೇ ಪುಟ ಆ ಮುದಿ ಪಿಯಾನೋದಲ್ಲಿ ಆನೆಯ ಮೇಲೆ ಕೇಳಿದಂತೆ ಗುಡುಗಲಿಲ್ಲ. ಬಡವರ ಮನೆಯ ಊಟದ ಹಾಗೆ ಇದ್ದಷ್ಟರಲ್ಲೇ ನಡೆಯಿತು, ಮುಗಿಯಿತು. ಕೊನೆಯ ಸ್ವರದ ಮೇಲೆ ಬೆರಳಿಟ್ಟುಕೊಂಡು, ದನಿ ಸಣ್ಣಗಾಗಿ ಸಣ್ಣಗಾಗಿ ಆರುವ ತನಕ ಕಾದಳು. ಕಣ್ಣೀರು ಗಲ್ಲದಿಂದ ಕೈಮೇಲೆ ಬೀಳುತ್ತಿದ್ದರೂ ಕೈ ಎತ್ತಲಿಲ್ಲ.

ತಿರುಗಿ ನೋಡಿದಾಗ ಬಾಗಿಲ ತುಂಬ ಮಕ್ಕಳು ನಿಂತಿದ್ದವು. ಕನ್ನಡಕದವನು ನೆಟಿಕೆ ಮುರಿಯುವುದನ್ನು ಮರೆತು ತನ್ನ ಪುಸ್ತಕವನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದ.

“ಥ್ಯಾಂಕ್ಸ್,” ಎಂದು ತುಣುಕಮ್ಮ ಕಣ್ಣೊರೆಸಿಕೊಂಡು, ಚೀಲ ಎತ್ತಿಕೊಳ್ಳಲು ಬಾಗಿದಳು. “ನಿಮ್ಮ ಹೊತ್ತೆಲ್ಲ ಹಾಳು ಮಾಡ್ದೆ. ಹೊರಟೆ.”

ಟೀಚರ್ ಪೆನ್ಸಿಲನ್ನು ಮತ್ತೆ ಕೂದಲಿಗೆ ಸಿಕ್ಕಿಸಿಕೊಂಡಳು. ಕನ್ನಡಕದವನ ಹತ್ತಿರ ಹೋಗಿ ಬಾಗಿ, “ತಪ್ಪು ತಿಳ್ಕೋಬೇಡಿ” ಎಂದೇನೋ ತಗ್ಗಿದ ದನಿಯಲ್ಲಿ ಹೇಳಿದಳು. ಅವನು ತಲೆಯಾಡಿಸಿ, ಹೂಂ ಎಂದು, ಪುಸ್ತಕ ಮುಚ್ಚಿದ. ಆಮೇಲೆ ಆಕೆ ಮಕ್ಕಳನ್ನು ಒಳಗೆ ಕರೆದಳು. ಗಿಡ್ಡವರು ಮುಂದೆ, ಉದ್ದದವರು ಹಿಂದೆ ನಿಲ್ಲತೊಡಗಿದರು. ಅವರಿಗೆ ದಾರಿ ಬಿಡಲು ತುಣುಕಮ್ಮ ಸ್ಟೂಲಿನಿಂದ ಅರ್ಧ ಎದ್ದಿದ್ದಳು.

“ಏಳ್ಬೇಡಿ,” ಎಂದಳು ಟೀಚರ್, ಹಾಡಿನ ಹಾಳೆಯನ್ನು ಅವಳ ಮುಂದಿಡುತ್ತ. “ಅಲ್ಲೇ ಕೂತಿರಿ. ಇದಕ್ಕೆ ಆರು ಚರಣ ಇದೆ.”